ಆವರಣದ ಹೊರಗಿನ ಮನೆ

ಸಿಗಾರನ್ನು ಮನೆಯಲ್ಲಿ ಎಷ್ಟು ಡಿಗ್ರಿಯಲ್ಲಿ ಇಡಬೇಕು ಎಂದು ತಿಳಿಸುವ ಕೈಪಿಡಿಯೊಂದು ಈಗ ಕನ್ನಡದಲ್ಲೂ ಇದೆ. ಅನುವಾದಿಸಿದವಳು ನಾನೇ, ಆದ್ದರಿಂದ ಗೊತ್ತು. ಪುಣೆಯಲ್ಲಿ ಕುಳಿತು ಇಂಗ್ಲಿಷಿನಿಂದಲೂ ಮರಾಠಿಯಿಂದಲೂ ಕನ್ನಡಕ್ಕೆ ಪದಕ್ಕಿಷ್ಟು ಎಂಬ ಲೆಕ್ಕದಲ್ಲಿ ಕೆಲಸ ಮಾಡುವವರಿಗೆ ಮಿಕ್ಸರ್, ವಿಮಾ ಪಾಲಿಸಿ, ಸಕ್ಕರೆ ಕಾಯಿಲೆಯ ಮಾತ್ರೆ ಎಲ್ಲ ಒಂದೇ. ಆ ಸಾಲಿನಲ್ಲಿ ಬಂದದ್ದು ಸಿಗಾರ್ ಇಡುವ ಪೆಟ್ಟಿಗೆ, ಹ್ಯುಮಿಡರ್. ಸಣ್ಣ ಫ್ರಿಜ್ಜಿನಂಥದ್ದು; ಗಾಜಿನ ಬಾಗಿಲು, ಒಳಗೆ ಸೀಡರ್ ಮರದ ತಟ್ಟೆಗಳು, ಮುಂದೆ ಅಂಕಿ ತೋರಿಸುವ ಪುಟ್ಟ ಪರದೆ.

ಕೈಪಿಡಿಯ ಸಾರ ಇಷ್ಟು. ಉಷ್ಣತೆ 18ರಿಂದ 21 ಡಿಗ್ರಿ ಸೆಲ್ಸಿಯಸ್ ಇರಲಿ, ತೇವಾಂಶ ಶೇ. 65ರಿಂದ 70. ತೇವ ಇಳಿದರೆ ಹೊರಗಿನ ಎಲೆ ಬಿರಿಯುತ್ತದೆ, ಏರಿದರೆ ಬೂಷ್ಟು ಹಿಡಿಯುತ್ತದೆ. ಉಷ್ಣತೆ 24 ದಾಟಿತೋ, ತಂಬಾಕಿನೊಳಗೆ ಮೊದಲೇ ಅಡಗಿರಬಹುದಾದ ಹುಳುವಿನ ಮೊಟ್ಟೆ ಒಡೆಯುವ ಅಪಾಯ. ಆ ಹುಳುವಿಗೆ ಲ್ಯಾಸಿಯೋಡರ್ಮಾ ಎಂಬ ಭಾರೀ ಹೆಸರಿದೆ, ಆದರೆ ನಿಮಗೆ ಅದರ ಪರಿಚಯ ಇದ್ದೇ ಇದೆ. ಒಣಮೆಣಸಿನಕಾಯಿ ಡಬ್ಬಿಯಲ್ಲಿ ತೂತು ಕೊರೆದು ಕೂರುವ ಕಂದು ಬಣ್ಣದ ಕಾಳಿನಂಥ ಹುಳು ಅದೇ. ಹುಳು ಕಂಡರೆ ಸಿಗಾರನ್ನು ಚೀಲದಲ್ಲಿ ಬಿಗಿದು ಕೆಲವು ದಿನ ಫ್ರೀಜರಿನಲ್ಲಿಟ್ಟು, ಆಮೇಲೆ ಫ್ರಿಜ್ಜಿಗೆ ತಂದು, ನಿಧಾನವಾಗಿ ಹೊರಗಿನ ಬಿಸಿಗೆ ಒಗ್ಗಿಸಬೇಕು. ಪಶ್ಚಿಮದ ಗೋಡೆಗೆ ಪೆಟ್ಟಿಗೆ ಆನಿಸಬಾರದು. ಅಡುಗೆಮನೆಯ ಹತ್ತಿರ ಇಡಲೇಬಾರದು, ಏಕೆಂದರೆ ತಂಬಾಕು ಮಸಾಲೆಯ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ.

ಇದರಲ್ಲಿ ಸುಳ್ಳೇನೂ ಇಲ್ಲ. ಪುಣೆಯ ಹವೆಗೆ ಇದು ಅತಿರೇಕವೂ ಅಲ್ಲ. ಇಲ್ಲಿ ಏಪ್ರಿಲ್ ಮಧ್ಯಾಹ್ನ 38–40 ಡಿಗ್ರಿ. ಗಾಳಿ ಎಷ್ಟು ಒಣಗಿರುತ್ತದೆಂದರೆ ಒಗೆದ ಸೀರೆ ತಂತಿಗೆ ಹಾಕಿ ಬರುವಷ್ಟರಲ್ಲಿ ಗರಿಗರಿ. ಜುಲೈನಲ್ಲಿ ಅದೇ ಮನೆಯ ಗೋಡೆ ಬೆವರುತ್ತದೆ, ಉಪ್ಪು ನೀರಾಗುತ್ತದೆ. ಬರೀ ಮರದ ಪೆಟ್ಟಿಗೆ ಈ ಎರಡನ್ನೂ ತಡೆಯಲಾರದು. ಒಂದಕ್ಕೆ ಸಾವಿರಾರು ರೂಪಾಯಿ ಕೊಟ್ಟು ಕ್ಯೂಬಾದ ಸಿಗಾರ್ ತರಿಸುವವನು ಅದಕ್ಕಾಗಿ ವರ್ಷವಿಡೀ ಕರೆಂಟು ಉರಿಸುತ್ತಾನೆ. ಉರಿಸಲಿ. ಸೇದುವುದು ಬಿಡುವುದು ಅವನ ಪುಪ್ಪುಸಕ್ಕೂ ಅವನಿಗೂ ಬಿಟ್ಟ ವಿಷಯ. ಅವನ ಮೇಲೆ ನನ್ನ ಜಗಳವಿಲ್ಲ.

ನನ್ನ ಜಗಳ ಬೇರೆ. ‘ಮನೆಯಲ್ಲಿ ತಂಬಾಕು ಇಡುವುದು’ ಎಂದರೆ ಭಾರತದಲ್ಲಿ ಇದಲ್ಲ. ಈ ದೇಶದಲ್ಲಿ ಮನೆಯಲ್ಲಿ ತಂಬಾಕು ಇಟ್ಟುಕೊಂಡಿರುವವರೆಲ್ಲ ಅದನ್ನು ಸೇದುವವರಲ್ಲ, ಕಟ್ಟುವವರೂ ಇದ್ದಾರೆ. ಸರ್ಕಾರದ ಲೆಕ್ಕದಲ್ಲೇ ಸುಮಾರು 50 ಲಕ್ಷ ಬೀಡಿ ಕಾರ್ಮಿಕರಿದ್ದಾರೆ. ಹೆಚ್ಚಿನವರು ಹೆಂಗಸರು, ಹೆಚ್ಚಿನವರು ತಮ್ಮ ಮನೆಯಲ್ಲೇ ಕೂತು ಕಟ್ಟುವವರು. ಅವರ ಮನೆಯಲ್ಲಿ ತಂಬಾಕು ಎಷ್ಟು ಡಿಗ್ರಿಯಲ್ಲಿರಬೇಕು, ಎಲ್ಲಿರಬೇಕು, ಯಾರಿಂದ ದೂರವಿರಬೇಕು ಎಂದು ಹೇಳುವ ಕೈಪಿಡಿಯನ್ನು ಅನುವಾದಿಸಿ ಕೊಡಿ ಎಂದು ಇಷ್ಟು ವರ್ಷಗಳಲ್ಲಿ ಯಾರೂ ನನ್ನನ್ನು ಕೇಳಿಲ್ಲ.

ದಕ್ಷಿಣ ಸೋಲಾಪುರದ ಕಡೆ ನಮ್ಮ ದೊಡ್ಡವ್ವನ ಮನೆ. ಓಣಿಯ ತುಂಬ ಕನ್ನಡ, ತೆಲುಗು, ಮರಾಠಿ, ದಖನಿ ಒಂದರ ಮೇಲೊಂದು ಬಿದ್ದಿರುತ್ತವೆ. ಅಲ್ಲಿ ಹೆಂಗಸರು ಕಂಪನಿಯ ಶಾಖೆಯಿಂದ ತೂಕ ಮಾಡಿ ತಂದ ಎಲೆಯನ್ನು ಸಂಜೆ ನೀರಿನಲ್ಲಿ ನೆನೆಸಿ, ಕೊಡವಿ, ಒದ್ದೆ ಗೋಣಿಯಲ್ಲಿ ಸುತ್ತಿ ಮೂಲೆಯಲ್ಲಿಡುತ್ತಾರೆ. ಬೆಳಿಗ್ಗೆ ಎಲೆ ಬಗ್ಗಬೇಕು, ಆದರೆ ಒದ್ದೆಯಿರಬಾರದು. ಒಣಗಿದರೆ ಸುರುಟುವಾಗ ಸೀಳುತ್ತದೆ; ನೀರು ಹೆಚ್ಚಾದರೆ ಕಪ್ಪಾಗಿ ಬೂಷ್ಟು ಬರುತ್ತದೆ. ಬೇಸಿಗೆಯಲ್ಲಿ ಗೋಣಿಗೆ ರಾತ್ರಿ ಎದ್ದು ಮತ್ತೊಮ್ಮೆ ನೀರು ಚಿಮುಕಿಸುವುದೂ ಉಂಟು. ತಂಬಾಕಿನ ಹುಡಿಯದ್ದು ತಿರುವುಮುರುವು, ಅದು ತೇವ ಕುಡಿಯಬಾರದು. ಮಳೆಗಾಲದಲ್ಲಿ ಅದು ಮಂಚದ ಮೇಲೆ, ಟ್ರಂಕಿನ ಮೇಲೆ, ಒಲೆಯ ಹತ್ತಿರದ ಅಟ್ಟಕ್ಕೆ ಏರುತ್ತದೆ. ಅಡುಗೆಮನೆಯಿಂದ ದೂರವಿಡಿ ಎನ್ನಲು ಅಲ್ಲಿ ಅಡುಗೆಮನೆ ಬೇರೆ ಎಲ್ಲಿದೆ?

ಹ್ಯುಮಿಡರ್ ಮಾಡುವ ಕೆಲಸವೇ ಇದು. ಎಲೆಯನ್ನು ಬಿರಿಯದಂತೆ, ಬೂಷ್ಟು ಹಿಡಿಯದಂತೆ ಕಾಯುವುದು. ಗಾಜಿನ ಪೆಟ್ಟಿಗೆಯಲ್ಲಿ ಮೀಟರು ಮಾಡುವುದನ್ನು ಇಲ್ಲಿ ಒಂದು ಅಂಗೈ ಮಾಡುತ್ತದೆ. ‘ಹ್ಯಾಂಗ ಗೊತ್ತಾಗ್ತದ?’ ಎಂದು ಒಮ್ಮೆ ದೊಡ್ಡವ್ವನ ನೆರೆಯಾಕೆಯನ್ನು ಕೇಳಿದ್ದೆ. ‘ಎಲಿ ಕೈಯಾಗ ಹಿಡದ್ರ ಮಾತಾಡ್ತದವಾ. ಚರ್ ಅಂದ್ರ ನೀರ್ ಬೇಕು, ಸುಮ್ಮನಿದ್ರ ಸಾಕು’ ಎಂದಳು. ಈ ಜ್ಞಾನಕ್ಕೆ ಸಂಬಳದ ಚೀಟಿಯಲ್ಲಿ ಸಾಲಿಲ್ಲ. ಕೂಲಿ ಸಾವಿರ ಬೀಡಿಗೆ ಇಷ್ಟು. ನೆನೆಸಿದ್ದು, ಸುತ್ತಿಟ್ಟದ್ದು, ಕಾದದ್ದು, ಕತ್ತರಿಸಿದ್ದು ಎಲ್ಲ ಆ ಸಾವಿರದ ಹೊಟ್ಟೆಯೊಳಗೆ. ಕಾಯುವಾಗ ಕೈ ತಪ್ಪಿದರೆ ನಷ್ಟವೂ ಅವಳದೇ. ಎಲೆ ಹಾಳಾಗಿ ಲೆಕ್ಕಕ್ಕೆ ಸಾಲದಿದ್ದರೆ ತನ್ನ ದುಡ್ಡಿನಲ್ಲಿ ಎಲೆ ಕೊಂಡು ಸಾವಿರ ತುಂಬಿಸಬೇಕು. ಇಲ್ಲವೇ ಶಾಖೆಯಲ್ಲಿ ಕಳಪೆ ಎಂದು ತೆಗೆದಿಟ್ಟ ಕಟ್ಟುಗಳ ಕೂಲಿ ಬಿಡಬೇಕು. ಉಗ್ರಾಣದ ಬಾಡಿಗೆ, ಉಗ್ರಾಣದ ಕಾವಲು, ಉಗ್ರಾಣದ ವಿಮೆ ಮೂರನ್ನೂ ಕಂಪನಿ ಒಬ್ಬ ಹೆಂಗಸಿನ ತಲೆಗೆ ಕಟ್ಟಿದೆ, ಅದೂ ಪುಕ್ಕಟೆ.

ಸಿಗಾರ್ ಎಂಬ ಹೊರಗಿನ ಮಾತನ್ನೂ ಬೀಡಿ ಎಂಬ ಒಳಗಿನ ಮಾತನ್ನೂ ನಾನು ಹಟದಿಂದ ಒಟ್ಟಿಗೆ ಕಟ್ಟುತ್ತಿದ್ದೇನೆ ಎಂದು ಅನ್ನಿಸಬಹುದು. ಕಟ್ಟಿದ್ದು ನಾನಲ್ಲ, ಸಂಸತ್ತು. 1966ರ ಕಾಯಿದೆಯ ಹೆಸರೇ ‘ಬೀಡಿ ಮತ್ತು ಸಿಗಾರ್ ಕಾರ್ಮಿಕರ (ಉದ್ಯೋಗದ ಷರತ್ತುಗಳು) ಕಾಯಿದೆ’. ಅದಕ್ಕೂ ಹಿಂದೆ ಭಾಷೆಯೇ ಕಟ್ಟಿತ್ತು. ಇಂಗ್ಲಿಷಿನ ‘ಚೆರೂಟ್’ ನಮ್ಮ ಕಡೆಯದು. ತಮಿಳಿನ ಸುರುಟ್ಟು, ನಮ್ಮ ಸುರುಟು. ಸುರುಟಿದ್ದು ಸುರುಟ್ಟು. ಸುರುಟುವ ಕೈಯ ಹೆಸರನ್ನೇ ವಸ್ತುವಿಗಿಟ್ಟು ಆಮೇಲೆ ಆ ಕೈಯನ್ನು ಮರೆತದ್ದು ಬೇರೆ ಕಥೆ.

ಆ ಕಾಯಿದೆಯ 9ನೇ ಕಲಮು ಓದಿದರೆ ಸಂತೋಷವಾಗುತ್ತದೆ. ಅಲ್ಲಿ ಕೆಲಸ ಮಾಡುವವರ ಆರೋಗ್ಯಕ್ಕೆ ಹಾನಿಯಾಗದಂತೆ ಪ್ರತಿಯೊಂದು ಕೈಗಾರಿಕಾ ಆವರಣದಲ್ಲೂ ಬೆಳಕು, ಗಾಳಿ ಮತ್ತು ಉಷ್ಣತೆ ಇಂತಿಷ್ಟಿರಬೇಕು ಎಂದು ಅದು ಹೇಳುತ್ತದೆ. ಧೂಳು, ಹೊಗೆ ಎದ್ದರೆ ಮಾಲೀಕ ಕ್ರಮ ಕೈಗೊಳ್ಳಬೇಕು. ತಂಬಾಕು, ಉಷ್ಣತೆ, ಮನುಷ್ಯರ ಆರೋಗ್ಯ ಮೂರೂ ಒಂದೇ ಕಡೆ ಬಂದಿವೆ. ಇನ್ನೇನು ಬೇಕು?

ಆದರೆ ಕೈಗಾರಿಕಾ ಆವರಣ ಎಂದರೆ ಏನು ಎಂಬುದು ಎರಡನೇ ಕಲಮಿನ ವ್ಯಾಖ್ಯೆಗಳಲ್ಲಿದೆ. ಬೀಡಿ ಅಥವಾ ಸಿಗಾರ್ ತಯಾರಿಕೆ ನಡೆಯುವ ಯಾವುದೇ ಸ್ಥಳ ಎಂದು ಶುರುವಾಗುತ್ತದೆ. ಕೂಡಲೇ ಒಂದು ಆವರಣ ಚಿಹ್ನೆ ತೆರೆದುಕೊಂಡು, ‘ಖಾಸಗಿ ವಾಸದ ಮನೆಯಲ್ಲದ’ ಎಂದು ಹೇಳಿ, ಮುಚ್ಚಿಕೊಳ್ಳುತ್ತದೆ. ಸರಿ, ಖಾಸಗಿ ವಾಸದ ಮನೆ ಎಂದರೇನು? ಅದಕ್ಕೂ ಅಲ್ಲೇ ವ್ಯಾಖ್ಯೆ ಇದೆ: ಬೀಡಿ ಅಥವಾ ಸಿಗಾರ್ ತಯಾರಿಕೆಯಲ್ಲಿ ತೊಡಗಿದವರು ವಾಸಿಸುವ ಮನೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಈ ಕಾಯಿದೆಯಲ್ಲಿ ಮನೆ ಎಂದರೆ ನಿಮ್ಮ ಮನೆಯಲ್ಲ, ನನ್ನ ಮನೆಯಲ್ಲ. ಬೀಡಿ ಕಟ್ಟುವವರ ಮನೆ ಮಾತ್ರ. ಆ ಮನೆಯನ್ನು ಅಷ್ಟು ಚೆನ್ನಾಗಿ ಗುರುತಿಸಿದ್ದೇ ಹೊರಗಿಡುವುದಕ್ಕಾಗಿ. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಬಂದುಬಿಡುತ್ತದೆ: ಆವರಣದೊಳಗೆ ಹಾಕಿ ಆವರಣದಿಂದ ಹೊರಗಿಟ್ಟ ಮನೆ.

29ನೇ ಕಲಮು ಇನ್ನೊಂದು ಹೆಜ್ಜೆ ಮುಂದೆ. ಆವರಣದ ಹೊರಗೆ ಬೀಡಿ ತಯಾರಿಕೆಯ ಕೆಲಸ ಮಾಡಿಸಬಾರದು ಎಂದು ಮಾಲೀಕನಿಗೆ ಕಟ್ಟಪ್ಪಣೆ ಮಾಡುತ್ತದೆ. ಅದರ ಬೆನ್ನಿಗೇ ಒಂದು ‘ಪರಂತು’: ಕಚ್ಚಾ ಮಾಲು ಪಡೆದು ಮನೆಯಲ್ಲಿ ತಯಾರಿಸುವ ಕೆಲಸಗಾರರಿಗೆ ಇದು ಅನ್ವಯಿಸದು. ಬೀಡಿ ಉದ್ಯಮ ಆ ಪರಂತುವಿನೊಳಗೇ ಬಿಡಾರ ಹೂಡಿತು. 1974ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿದು, ಮನೆಯಲ್ಲಿ ಕಟ್ಟುವವಳೂ ಕಾರ್ಮಿಕಳೇ ಎಂಬುದು ಗಟ್ಟಿಯಾಯಿತು, ನಿಜ. ಹಾಗಾಗಿ ಅವಳು ಕಾರ್ಮಿಕಳು. ಅವಳು ಕೆಲಸ ಮಾಡುವ ಜಾಗ ಮಾತ್ರ ಕೆಲಸದ ಜಾಗವಲ್ಲ. ಭವಿಷ್ಯನಿಧಿಯ ಮಾತು ಬಂದಾಗ ಆಕೆ ಲೆಕ್ಕಕ್ಕಿದ್ದಾಳೆ, ಗಾಳಿಯ ಮಾತು ಬಂದಾಗ ಇಲ್ಲ.

ಈಗ ಆ ಕಾಯಿದೆ ಹೋಗಿ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ. ಹಳೆಯ ಹತ್ತಾರು ಕಾಯಿದೆಗಳನ್ನು ಕಲಸಿ ಹೊಸದಾಗಿ ಬರೆದರು. ಬರೆಯುವಾಗ ಬೀಡಿ ಮತ್ತು ಸಿಗಾರ್‌ಗೆ ಪ್ರತ್ಯೇಕ ಭಾಗವನ್ನೂ ಉಳಿಸಿಕೊಂಡರು. ಖಾಸಗಿ ವಾಸದ ಮನೆ ಎಂಬ ಆ ನುಡಿಗಟ್ಟನ್ನೂ ಜೋಪಾನವಾಗಿ ಎತ್ತಿ ತಂದರು. ಅರವತ್ತರ ದಶಕದಲ್ಲಿ ಅದು ಕಣ್ತಪ್ಪಿನಿಂದ ಆಯಿತು ಎಂದು ವಾದಿಸಬಹುದಿತ್ತು. ಎರಡನೇ ಸಲ ನಕಲು ಮಾಡಿದ್ದಕ್ಕೆ ಆ ಸಬೂಬು ನಡೆಯುವುದಿಲ್ಲ.

ಇದಕ್ಕೆ ಬರುವ ಮೊದಲ ಉತ್ತರ: ಹೆಂಗಸರಿಗೇ ಮನೆಯ ಕೆಲಸ ಬೇಕು. ಮಗುವಿಗೆ ಹಾಲು ಕುಡಿಸಬಹುದು, ಅತ್ತೆಯನ್ನು ನೋಡಿಕೊಳ್ಳಬಹುದು, ಗಂಡಸರ ಕಣ್ಣು ತಪ್ಪಿಸಿ ದುಡಿಯಬಹುದು. ಇದು ನಿಜ, ಇದನ್ನು ಅಲ್ಲಗಳೆಯುವವರು ಬೀಡಿ ಕಟ್ಟುವವರ ಜೊತೆ ಮಾತಾಡಿಲ್ಲ. ನಾನೂ ಮನೆಯಲ್ಲೇ ಕೂತು ಎಣಿಕೆಯ ಕೂಲಿಗೆ ದುಡಿಯುವವಳು. ಬೇರೆ ಎಲ್ಲಾದರೂ ಹೋಗಿ ಕೂರು ಎಂದರೆ ಒಪ್ಪಲಾರೆ. ಆದರೆ ನನ್ನ ಕಚ್ಚಾ ಮಾಲು ಧೂಳೆಬ್ಬಿಸುವುದಿಲ್ಲ. ತಂಬಾಕಿನದ್ದು ಎಬ್ಬಿಸುತ್ತದೆ. ತೊಡೆಯ ಮೇಲಿನ ಮೊರದಿಂದ ಅದು ಮೂಗಿಗೆ, ಹಾಸಿಗೆಗೆ, ಅನ್ನದ ತಟ್ಟೆಗೆ ಹೋಗುತ್ತದೆ. ಬೀಡಿ ಕಟ್ಟುವವರ ಮೂತ್ರ ಪರೀಕ್ಷಿಸಿ ಅದರಲ್ಲಿ ನಿಕೋಟಿನ್‌ನ ಕುರುಹು ಏರಿದೆಯೆಂದು ಮುಂಬೈನ ಕ್ಯಾನ್ಸರ್ ಸಂಶೋಧಕರು ತೊಂಬತ್ತರ ದಶಕದಲ್ಲೇ ತೋರಿಸಿದ್ದಾರೆ. ಎಂದೂ ಬೀಡಿ ಹಚ್ಚದವಳ ಮೈಯೊಳಗೆ ತಂಬಾಕು. ಮಸಾಲೆಯ ವಾಸನೆ ಸಿಗಾರಿಗೆ ತಗಲದಂತೆ ಎಚ್ಚರಿಸುವ ನಾವು, ತಂಬಾಕು ಮಸಾಲೆಗೆ, ಮಗುವಿಗೆ ತಗಲುವ ಬಗ್ಗೆ ಒಂದು ವಾಕ್ಯ ಬರೆದಿಲ್ಲ. ಮನೆಯಲ್ಲಿ ದುಡಿಯುವ ಹಕ್ಕು ಬೇರೆ, ಕಂಪನಿಯ ಉಗ್ರಾಣವನ್ನು ಮನೆಯಲ್ಲಿ ಇಟ್ಟುಕೊಳ್ಳುವ ಕಡ್ಡಾಯ ಬೇರೆ. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಸಾಗಿಸುತ್ತಿದ್ದಾರೆ.

ಸೋಲಾಪುರವನ್ನೇ ನೋಡಿ. ಊರ ಹೊರಗಿನ ಕುಂಭಾರಿಯಲ್ಲಿ ಬೀಡಿ ಕಾರ್ಮಿಕ ಹೆಂಗಸರಿಗಾಗಿ 10,000 ಮನೆಗಳ ಕಾಲೊನಿ ಇದೆ, ಗೋದೂತಾಯಿ ಪರುಳೇಕರ್ ಹೆಸರಿನಲ್ಲಿ. ಕಾರ್ಮಿಕ ನಾಯಕ ನರಸಯ್ಯ ಆಡಂ ಮತ್ತು ಅವರ ಸಂಘ ವರ್ಷಗಟ್ಟಲೆ ಹೋರಾಡಿ ಪಡೆದದ್ದು. 2006ರಲ್ಲಿ ಪ್ರಧಾನಿ ಮನಮೋಹನ ಸಿಂಗ್ ಬಂದು ಕೀಲಿ ಕೊಟ್ಟರು. ಅದರ ಪಕ್ಕದಲ್ಲೇ 30,000 ಮನೆಗಳ ರೇನಗರ ಎದ್ದಿತು. 2024ರ ಜನವರಿಯಲ್ಲಿ ಪ್ರಧಾನಿ ಮೋದಿ ಬಂದು ಮೊದಲ 15,000 ಮನೆ ಹಸ್ತಾಂತರಿಸಿದರು. ಎರಡು ಪಕ್ಷ, ಇಬ್ಬರು ಪ್ರಧಾನಿ, ಒಂದೇ ಬಯಲು. ಇದು ಸಣ್ಣ ಗೆಲುವಲ್ಲ. ಬಾಡಿಗೆ ಮನೆಯ ತಗಡಿನಡಿ ಮೇ ತಿಂಗಳ 42 ಡಿಗ್ರಿಯಲ್ಲಿ ಬೆಂದವರಿಗೆ ಸ್ವಂತ ಸೂರು ಎಂದರೆ ಏನು ಎಂಬುದನ್ನು ಪುಣೆಯ ಫ್ಲ್ಯಾಟಿನಿಂದ ನಾನು ತೂಗಲಾರೆ.

ಆದರೂ ಲೆಕ್ಕ ಕೇಳಬೇಕು. ಆ ಮೊದಲ ಕಾಲೊನಿಗೆ ಹಣ ಹಾಕಿದವರು ಕೇಂದ್ರ, ರಾಜ್ಯ ಮತ್ತು ಸ್ವತಃ ಕಾರ್ಮಿಕರು. ಆ ಮನೆ ಹಗಲಿಡೀ ಏನು? ಎಲೆ ನೆನೆಯುವ, ಹುಡಿ ಕಾಯುವ, ಬೀಡಿ ಕಟ್ಟುವ ಜಾಗ. ಅಂದರೆ ತೆರಿಗೆಯ ಹಣದಿಂದಲೂ ಹೆಂಗಸರ ಕಂತಿನಿಂದಲೂ ಉದ್ಯಮಕ್ಕೆ ಸಾವಿರಾರು ಸಣ್ಣ ಕಾರ್ಖಾನೆಗಳು ಕಟ್ಟಿಸಿಕೊಟ್ಟಂತಾಯಿತು. ಮನೆ ಕಟ್ಟಿದ್ದನ್ನು ನಾನು ಹಳಿಯುತ್ತಿಲ್ಲ. ಕಾರ್ಖಾನೆಯ ಪಾಲನ್ನು ಕಾರ್ಖಾನೆಯವನಿಂದ ವಸೂಲು ಮಾಡದೇ ಬಿಟ್ಟದ್ದನ್ನು ಹಳಿಯುತ್ತಿದ್ದೇನೆ.

ಎರಡನೇ ಉತ್ತರ ಬೆದರಿಕೆಯ ರೂಪದ್ದು: ಕಟ್ಟುನಿಟ್ಟು ಮಾಡಿದರೆ ಕಂಪನಿಗಳು ಬೇರೆ ಕಡೆ ಹೋಗುತ್ತವೆ. ಹೋಗುತ್ತವೆ, ಅದಕ್ಕೆ ಚರಿತ್ರೆಯೇ ಇದೆ. ಕೇರಳ ಸರ್ಕಾರ 1968ರಲ್ಲಿ ಈ ಬೀಡಿ ಕಾಯಿದೆಯನ್ನು ಜಾರಿಗೆ ತರಲು ಹೊರಟಾಗ ಕಣ್ಣೂರಿನಲ್ಲಿದ್ದ ಮಂಗಳೂರಿನ ದೊಡ್ಡ ಕಂಪನಿಗಳು ಬಾಗಿಲು ಹಾಕಿಕೊಂಡು ಎದ್ದುಹೋದವು. ಸಾವಿರಾರು ಜನ ಬೀದಿಗೆ ಬಿದ್ದರು. ಕಥೆಯ ಇಷ್ಟು ಭಾಗವನ್ನು ಮಾತ್ರ ಹೇಳುವುದು ಮಾಲೀಕರ ಪದ್ಧತಿ. ಉಳಿದ ಭಾಗ: 1969ರಲ್ಲಿ ಅದೇ ಕಾರ್ಮಿಕರು ಕೇರಳ ದಿನೇಶ್ ಬೀಡಿ ಎಂಬ ಸಹಕಾರ ಸಂಘ ಕಟ್ಟಿದರು. ಶೆಡ್ಡುಗಳಲ್ಲಿ ಸಾಲಾಗಿ ಕೂತು ಬೀಡಿ ಕಟ್ಟಿದರು, ಒಬ್ಬರು ಗಟ್ಟಿಯಾಗಿ ಪತ್ರಿಕೆ ಓದುತ್ತಿದ್ದರು, ಮಿಕ್ಕವರು ಕೇಳುತ್ತ ಸುರುಟುತ್ತಿದ್ದರು. ಹತ್ತಾರು ಸಾವಿರ ಜನಕ್ಕೆ ಅದು ಅನ್ನ ಕೊಟ್ಟಿತು. ಬೀಡಿ ಸೇದುವವರು ಕಡಿಮೆಯಾದಾಗ ಕೊಡೆ, ತಿಂಡಿ, ಬಟ್ಟೆಯ ಕಡೆ ತಿರುಗಿತು. ಕಾಸರಗೋಡಿನ ಕನ್ನಡಿಗರಿಗೆ ಇದು ಹೊಸ ಸುದ್ದಿಯಲ್ಲ. ಆದರೆ ಗಡಿಯ ಈಚೆ ಮನೆಮನೆಯ ಜಗಲಿಯಲ್ಲಿ ಕಟ್ಟಿಸುವುದೇ ಪ್ರಕೃತಿ ನಿಯಮ ಎಂಬಂತೆ ಬೆಳೆದ ನಮಗೆ, ತಂಬಾಕನ್ನು ಹಾಸಿಗೆಯಿಂದ ದೂರವಿಟ್ಟೂ ಬೀಡಿ ಕಟ್ಟಬಹುದು ಎಂಬುದನ್ನು ಬಿಡಿಸಿ ಹೇಳಬೇಕಾಗುತ್ತದೆ.

ಶೆಡ್ಡು ಬಂದ ಮಾತ್ರಕ್ಕೆ ಸ್ವರ್ಗ ಇಳಿಯುವುದಿಲ್ಲ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಗಡಿ ದಾಟಿದೊಡನೆ ಸಿಗುವ ನಿಪ್ಪಾಣಿಯ ತಂಬಾಕು ವಖಾರಿಗಳಲ್ಲಿ ಹೆಂಗಸರು ಸೂರಿನಡಿಯೇ ಇದ್ದರು, ಆದರೂ ಧೂಳು ಕುಡಿದರು, ಪುಡಿಗಾಸಿಗೆ ದುಡಿದರು. ಆ ಹೆಂಗಸರ ಹೋರಾಟದ ಮೇಲೆ ಯುಗಾಂತರ್ ಎಂಬ ಮಹಿಳಾ ಚಿತ್ರತಂಡ 1982ರಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಿತು. ‘ತಂಬಾಕೂ ಚಾಕಿಲಾ ಊಬ್ ಆಲಿ’ ಎಂದು ಹೆಸರು. ಊಬ್ ಎಂಬ ಮರಾಠಿ ಪದಕ್ಕೆ ಕನ್ನಡದಲ್ಲಿ ‘ಕಾವು’ ಎನ್ನಬಹುದು. ‘ಉಷ್ಣತೆ’ ಎಂದರೆ ಮೀಟರಿನ ಅಂಕಿಯಾಗಿಬಿಡುತ್ತದೆ. ಕಾವು ಎಂದರೆ ಒಟ್ಟಿಗೆ ರಾಶಿ ಬಿದ್ದದ್ದರೊಳಗೆ ಹುಟ್ಟುವ ಬಿಸಿ. ನಿಪ್ಪಾಣಿಯ ಹೆಂಗಸರಿಗೆ ಆ ಕಾವು ಏರಿದ್ದು ಒಂದೇ ವಖಾರಿಯಲ್ಲಿ ನೂರಾರು ಜನ ಇದ್ದುದರಿಂದ. ಅವರಿಗೆ ಒಂದು ಗೇಟಿತ್ತು, ಅದರ ಮುಂದೆ ನಿಲ್ಲಬಹುದಿತ್ತು. ಮನೆಯಲ್ಲಿ ಕಟ್ಟುವವಳು ಯಾರ ಗೇಟಿನ ಮುಂದೆ ನಿಲ್ಲಬೇಕು, ತನ್ನದೇ ಬಾಗಿಲ ಮುಂದೆಯೇ? ಉದ್ಯಮಕ್ಕೆ ಮನೆಯ ಮೇಲೆ ಇಷ್ಟೊಂದು ಪ್ರೀತಿ ಬರೀ ಬಾಡಿಗೆ ಉಳಿಸಲು ಎಂದು ನನಗೆ ಅನ್ನಿಸುವುದಿಲ್ಲ.

ಮೂರನೇ ಉತ್ತರ ನನ್ನಂಥವರ ವಲಯದ್ದು: ತಂಬಾಕೇ ವಿಷ, ಉದ್ಯಮವೇ ಮುಚ್ಚಲಿ, ಅದರ ಸುಧಾರಣೆ ಯಾಕೆ? ಮುಚ್ಚುವ ದಿನ ಬರಲಿ. ಅಲ್ಲಿಯವರೆಗೆ ಅದರ ವಿಷವನ್ನು ಅದನ್ನು ಸೇದದವಳೇ ಉಸಿರಾಡುತ್ತಿರಲಿ ಎಂಬುದು ಯಾವ ಆರೋಗ್ಯ ನೀತಿ? ಪ್ಯಾಕೆಟ್ಟಿನ ಮೇಲೆ ಸೇದುವವನಿಗೆ ಚಿತ್ರಸಹಿತ ಎಚ್ಚರಿಕೆ ಕೊಡುತ್ತೇವೆ. ಕಟ್ಟುವವಳು ತರುವ ತಂಬಾಕಿನ ಪೊಟ್ಟಣದ ಮೇಲೆ ತೂಕ ಬಿಟ್ಟರೆ ಇನ್ನೇನಿರುತ್ತದೆ?

ಈ ಊರಿಗೆ ಬೀಡಿಯ ಬಗ್ಗೆ ಸಿಟ್ಟೇ ಬರುವುದಿಲ್ಲ ಎಂದಲ್ಲ. ಪುಣೆಯ ಹಳೆಯ ಬೀಡಿ ಕಂಪನಿ ಸಾಬಳೆ ವಾಘಿರೆಯವರ ಸಂಭಾಜಿ ಬೀಡಿಯ ಹೆಸರು ಛತ್ರಪತಿಗೆ ಅವಮಾನ ಎಂದು ಸಂಘಟನೆಗಳು ಬೀದಿಗಿಳಿದವು, ಕೊನೆಗೆ 2021ರಲ್ಲಿ ಬೀಡಿಯ ಹೆಸರು ಬದಲಾಯಿತು. ಆಗಲಿ, ಹೆಸರಿಗೂ ಮರ್ಯಾದೆ ಬೇಕು. ಪ್ಯಾಕೆಟ್ಟಿನ ಮೇಲಿನ ಮೂರಕ್ಷರ ಅಳಿಸಲು ಅಷ್ಟು ಜನ ಸೇರಿದ ರಾಜ್ಯದಲ್ಲಿ, ಕಾಯಿದೆಯೊಳಗಿನ ಒಂದು ಆವರಣ ಚಿಹ್ನೆ ಅಳಿಸಲು ಎಷ್ಟು ಜನ ಸೇರಿದ್ದಾರೆ?

ಕೇಳಬೇಕಾದದ್ದು ಆಕಾಶದ್ದಲ್ಲ. ಮನೆಗೆ ಇನ್‌ಸ್ಪೆಕ್ಟರನನ್ನು ನುಗ್ಗಿಸಿ ಬಡವಳಿಗೇ ದಂಡ ಹಾಕಿ ಎಂದು ಯಾರೂ ಹೇಳುತ್ತಿಲ್ಲ. ಹೊಣೆ ಮಾಲೀಕನದು, ಮನೆಯೊಡತಿಯದಲ್ಲ ಎಂದು ಬರೆದರೆ ಸಾಕು. ಮೊದಲನೆಯದಾಗಿ ಸಾವಿರ ಬೀಡಿಯ ದರದಲ್ಲಿ ಜಾಗಕ್ಕೂ ದೀಪಕ್ಕೂ ನೆನೆಸಿ ಕಾಯುವ ಸಮಯಕ್ಕೂ ಬೇರೆ ಬೇರೆ ಸಾಲು ಇರಬೇಕು. ಮುಚ್ಚಳ ಬಿಗಿಯುವ ಡಬ್ಬಿಯಿಲ್ಲದೆ ತಂಬಾಕು ಶಾಖೆಯಿಂದ ಹೊರಬೀಳಬಾರದು, ಮತ್ತು ಆ ಡಬ್ಬಿ ಕಂಪನಿಯದಾಗಿರಬೇಕು. ಸಂಗ್ರಹದಲ್ಲಿ ಹಾಳಾದ ಎಲೆಯ ನಷ್ಟ ಕೂಲಿಯಿಂದ ಮುರಿಯಕೂಡದು. ಕುಂಭಾರಿಯಂಥ ಕಾಲೊನಿಗಳಲ್ಲಿ, ತಂಬಾಕು ತುಂಬುವ ಕೆಲಸಕ್ಕಾದರೂ, ಓಣಿಗೊಂದು ಗಾಳಿಯಾಡುವ ಶೆಡ್ಡು, ಪಕ್ಕದಲ್ಲಿ ಮಕ್ಕಳನ್ನು ಬಿಡಲು ಒಂದು ಕೋಣೆ; ಖರ್ಚು ಉದ್ಯಮದ್ದು. ಬೇಕಾದವರು ಎಲೆ ಕತ್ತರಿಸುವುದನ್ನು, ದಾರ ಸುತ್ತುವುದನ್ನು ಮನೆಯಲ್ಲೇ ಮಾಡಲಿ. 1976ರ ಕಲ್ಯಾಣ ನಿಧಿಗೆ ಬೀಡಿಯ ಮೇಲೆ ಹಾಕುತ್ತಿದ್ದ ಸೆಸ್ಸು ಜಿಎಸ್‌ಟಿ ಬಂದ 2017ರಲ್ಲಿ ನಿಂತುಹೋಯಿತು. ಅದರ ಜಾಗಕ್ಕೆ ಏನು ಬರಬೇಕು ಎಂಬ ಪ್ರಶ್ನೆಗೆ ಇದು ಒಂದು ಉತ್ತರವೂ ಹೌದು.

ಹೊಸ ಸಂಹಿತೆಯಡಿ ರಾಜ್ಯಗಳು ತಮ್ಮ ತಮ್ಮ ನಿಯಮಗಳನ್ನು ಬರೆಯಬೇಕು. ಮಹಾರಾಷ್ಟ್ರದ್ದು ಮರಾಠಿಯಲ್ಲೂ ಕರ್ನಾಟಕದ್ದು ಕನ್ನಡದಲ್ಲೂ ಬರುತ್ತದೆ. ಬರೆಯಲು, ಅನುವಾದಿಸಲು ನನ್ನಂಥ ಯಾರನ್ನೋ ಕೂರಿಸುತ್ತಾರೆ. ಕರಡು ಹೊರಬಿದ್ದಾಗ ಆಕ್ಷೇಪಣೆ ಸಲ್ಲಿಸಲು ಇಂತಿಷ್ಟು ದಿನ ಎಂದು ಗೆಜೆಟ್ಟಿನಲ್ಲಿ ಪ್ರಕಟಿಸುತ್ತಾರೆ. ಮಾಲೀಕರ ಸಂಘಗಳು ಆ ದಿನಗಳನ್ನು ತಪ್ಪಿಸಿಕೊಳ್ಳುವುದಿಲ್ಲ. ನಿಪ್ಪಾಣಿ, ಸೋಲಾಪುರ, ಮಂಗಳೂರು, ಕಾಸರಗೋಡಿನಲ್ಲಿ ಈ ಪತ್ರ ಓದುತ್ತಿರುವವರು ತಮ್ಮ ಊರಿನ ಬೀಡಿ ಸಂಘದ ಕಚೇರಿಗೆ ಹೋಗಿ, ಕರಡಿನಲ್ಲಿ ‘ಮನೆ’ ಎಂಬ ಪದ ಎಲ್ಲೆಲ್ಲಿ ಬಂದಿದೆ ಎಂದು ಒಟ್ಟಿಗೆ ಕೂತು ಗೆರೆ ಎಳೆಯಬಹುದು. ಕಾನೂನಿನ ಇಂಗ್ಲಿಷ್ ತೊಡಕಾದರೆ ನನಗೆ ಮರುಟಪಾಲು ಹಾಕಿ. ಆ ಅನುವಾದಕ್ಕೆ ಪದಕ್ಕಿಷ್ಟು ಎಂಬ ಲೆಕ್ಕವಿಲ್ಲ.